ಕಾಲು ಸಿಗುತ್ತಾ ಸಾರ್?

ಸೈಕಲ್ ಸೀಟಿನ ಎತ್ತರವನ್ನು ಕಾಲಿನ ಉದ್ದ ನೋಡಿ ನಿರ್ಧರಿಸಬೇಕೆಂಬುದು ಶಾಸ್ತ್ರ. ನಮ್ಮ ವಿಜಯನಗರದಲ್ಲಿ ಅದನ್ನು ನಿರ್ಧರಿಸುವುದು ಮಾಗಡಿ ರಸ್ತೆಯ ಸಿಗ್ನಲ್ಲು. ಸೈಕಲ್ ಶಾಪಿನವರು ಸೀಟಿನ ನಟ್ಟು ಬಿಗಿಮಾಡುವ ಮೊದಲು ಕೇಳುವುದೂ ಒಂದೇ ಪ್ರಶ್ನೆ: “ಕಾಲು ಸಿಗುತ್ತಾ ಸಾರ್?” ಸಿಗಬೇಕಾದದ್ದು ನೆಲಕ್ಕೆ, ಅದೂ ಎರಡೂ ಪಾದ ಪೂರ್ತಿ. ಹಿಂದೆ ಬಿಎಂಟಿಸಿ ಬಸ್ಸು ಹಾರನ್ ಹೊಡೆಯುತ್ತಿರುವಾಗ ಮಂಡಿಯ ಯೋಚನೆ ಯಾರಿಗಿರುತ್ತದೆ?

ಮಂಡಿಗಿರುತ್ತದೆ. ಸೀಟು ತಗ್ಗಿದ್ದರೆ ಪ್ರತಿ ತುಳಿತಕ್ಕೂ ಅತಿಯಾಗಿ ಮಡಚಿಕೊಂಡು ಮುಂಭಾಗದಲ್ಲಿ ನೋಯುತ್ತದೆ. ಎತ್ತರ ಹೆಚ್ಚಾದರೆ ಹಿಂಭಾಗ ಎಳೆಯುತ್ತದೆ, ಸೊಂಟ ಅತ್ತಿತ್ತ ತೂಗುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೂರ್ತಿ ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟು ನೋಡಿ. ಕಾಲು ನೆಟ್ಟಗಾದರೆ ಎತ್ತರ ಹೆಚ್ಚುಕಮ್ಮಿ ಸರಿ. ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ತಾನಾಗಿಯೇ 25-35 ಡಿಗ್ರಿ ಬಾಗಿರುತ್ತದೆ.

1949ರಲ್ಲಿ ಶುರುವಾದ ರಾಜಾಜಿನಗರದಿಂದ ಹಿಂದೆ ಫ್ಯಾಕ್ಟರಿ ಶಿಫ್ಟಿಗೆ ಹೊರಡುತ್ತಿದ್ದವರಿಗೆ ಈ ಲೆಕ್ಕ ಬೇಕಿರಲಿಲ್ಲ. ಮನೆಗೊಂದು ಸೈಕಲ್ಲು, ಸೀಟು ಅಪ್ಪನ ಅಳತೆಗೆ. ಮಕ್ಕಳು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದುದರಿಂದ ಸೀಟಿನ ಗೊಡವೆಯೇ ಇಲ್ಲ. ಸ್ಪ್ರಿಂಗಿನ ಮೇಲೆ ಬಿಗಿದ ಆ ಚರ್ಮದ ಸೀಟು ವರ್ಷಗಟ್ಟಲೆ ತುಳಿದ ಯಜಮಾನನ ಆಕಾರಕ್ಕೆ ಒಗ್ಗಿಹೋಗಿರುತ್ತಿತ್ತು. ಎರವಲು ಪಡೆದವನಿಗೆ ತಾನು ಇನ್ನೊಬ್ಬರ ಜಾಗದಲ್ಲಿ ಕೂತಿರುವುದು ಮೊದಲ ತಿರುವಿನಲ್ಲೇ ಗೊತ್ತಾಗುತ್ತಿತ್ತು.

ಈಗ ಎಲ್ಲರಿಗೂ ಸೋಫಾದಂಥ ಮೆತ್ತನೆಯ ಸೀಟು ಬೇಕು. ಆದರೆ ಕೂತಾಗ ಮೈಭಾರ ಹೊರಬೇಕಾದವು ಹಿಂಭಾಗದ ಎರಡು ಮೂಳೆಗಳು. ಮೆತ್ತೆ ಅತಿಯಾದರೆ ಅವು ಒಳಗೆ ಹೂತು, ನಡುವಿನ ನರಗಳ ಮೇಲೆ ಒತ್ತಡ ಬಿದ್ದು ಜೋಮು ಹಿಡಿಯುತ್ತದೆ. ಸೀಟಿನ ಮೂತಿ ಮೇಲೆದ್ದಿದ್ದರಂತೂ ಕೇಳುವುದೇ ಬೇಡ. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ಸೀಟಿನ ಮೇಲಿಡಿ, ಗುಳ್ಳೆ ನಡುವೆ ನಿಲ್ಲಲಿ. ಎತ್ತರಿಸುವಾಗ ಒಮ್ಮೆಗೆ ಕಾಲಿಂಚು ಸಾಕು. ಸೀಟಿನ ಕಂಬದ ಮೇಲಿನ ಮಿತಿಯ ಗೆರೆ ಹೊರಗೆ ಕಾಣುವಷ್ಟು ಎಳೆಯಬಾರದು.

ಸರಿ, ಸಿಗ್ನಲ್ಲಿನ ಗತಿ? ಭಾನುವಾರ ಬೆಳಿಗ್ಗೆ ಕೆಂಗೇರಿ ದಾಟಿ ಬಿಡದಿಯ ತಟ್ಟೆ ಇಡ್ಲಿಗೆ ಹೊರಟವರನ್ನು ನೋಡಿ. ಸೀಟು ಎತ್ತರ, ಕೆಂಪು ದೀಪ ಬಿದ್ದೊಡನೆ ಮುಂದಕ್ಕೆ ಜಾರಿ ಬಾರಿನ ಎರಡೂ ಬದಿಗೆ ಕಾಲೂರಿ ನಿಲ್ಲುತ್ತಾರೆ. ಹಸಿರು ಬಂದಾಗ ಮತ್ತೆ ಹತ್ತುತ್ತಾರೆ. ಸೀಟು ತುಳಿಯುವುದಕ್ಕೆ, ನಿಲ್ಲುವುದಕ್ಕಲ್ಲ. ಹಾಗೆಂದು ನಮ್ಮ ರಸ್ತೆಗಳಲ್ಲಿ ಹೊರಟರೆ ತುಳಿದದ್ದಕ್ಕಿಂತ ಹತ್ತಿ ಇಳಿದದ್ದೇ ಜಾಸ್ತಿಯಾದೀತು. ಆಗಲಿ. ಬಸವೇಶ್ವರನಗರದ ಜಿಮ್ಮುಗಳಲ್ಲಿ ಅದನ್ನೇ ತಿಂಗಳ ಫೀಸು ಕಟ್ಟಿಸಿಕೊಂಡು ಮಾಡಿಸುತ್ತಾರೆ.