ಒಂಬತ್ತು ವರ್ಷದ ಕೂಸಿನ ಬಾಣಂತನ

(ಮೈಸೂರಿನಿಂದ ಬೊಗೊಟಾಕ್ಕೆ ಫೋನು. ದಂಪತಿ ಟೆಕ್ಸಾಸಿನವರು, ಕೊಲಂಬಿಯಾದಲ್ಲಿ ದತ್ತು ಪಡೆಯಲು ಬೀಡುಬಿಟ್ಟಿದ್ದಾರೆ.)

ಅತ್ತೆ: ಒಂಬತ್ತು ವರ್ಷವೇ? ಎಳೇದು ಸಿಗಲಿಲ್ಲವೇನಮ್ಮಾ?

ಸೊಸೆ: ಬೆಂಡೆಕಾಯಾ ಅತ್ತೆ, ತುದಿ ಮುರಿದು ನೋಡೋಕೆ?

ಅತ್ತೆ: ಅಂಟಿನುಂಡೆ ಕಟ್ಟಿ ಕಳಿಸಿದ್ದೆನಲ್ಲ!

ಸೊಸೆ: ನಿಮ್ಮ ಮಗ ಮುಗಿಸಿದರು. ಊರು ಸುಮಾರು 2,600 ಮೀಟರ್ ಎತ್ತರದಲ್ಲಿದೆ, ನಾಲ್ಕು ಮೆಟ್ಟಿಲಿಗೇ ಏದುಸಿರು. ಬಾಣಂತಿ ಅವರೇ.

ಅತ್ತೆ: ಕಾಗದಪತ್ರ?

ಸೊಸೆ: ಮದುವೆ, ಸಂಬಳ, ಪೊಲೀಸು, ಮನಸ್ಸು ನೆಟ್ಟಗಿದೆಯೆಂಬ ಷರಾ... ಎಲ್ಲಕ್ಕೂ ಅಪೊಸ್ಟಿಲ್ ಮೊಹರು, ಸ್ಪ್ಯಾನಿಷ್ ಅನುವಾದ. ದೇಶ ದಾಟುವ ದತ್ತಿಗೆ 1993ರ ಹೇಗ್ ಒಪ್ಪಂದ ಬೇರೆ! ಹೆರುವವರಿಗೂ ಇಷ್ಟು ಕೇಳಿದ್ದರೆ ನೀವೂ ಪಾಸಾಗುತ್ತಿರಲಿಲ್ಲ.

ಅತ್ತೆ: ಹುಡುಗಿ ಒಪ್ಪಿದಳೋ?

ಸೊಸೆ: ಪರೀಕ್ಷೆ ನಡೀತಿದೆ. ಉಪ್ಪಿಟ್ಟು ಫೇಲು. ಇಲ್ಲಿಯ ಮುಸುಕಿನ ಜೋಳದ ರೊಟ್ಟಿ ಅರೆಪಾ; ನಮ್ಮ ಅಕ್ಕಿರೊಟ್ಟಿಯನ್ನು ‘ಬಡಪಾಯಿ ಅರೆಪಾ’ ಅಂತ ಕ್ಷಮಿಸಿದಳು. ನನ್ನನ್ನು ‘ಸೆನ್ಯೋರಾ’ ಅಂತಾಳೆ. ಅವರನ್ನು ಏನಂತ ಕರೀಬೇಕೋ ಇನ್ನೂ ತೀರ್ಮಾನಿಸಿಲ್ಲ.

ಅತ್ತೆ: ಹಾಗಾದರೆ ನಾಮಕರಣ ಯಾವಾಗ?

ಸೊಸೆ: ಯಾರದು, ನಿಮ್ಮ ಮಗನದೇ?