ಇಲಿಯ ರಕ್ತ, ಮನುಷ್ಯನ ಯಂತ್ರ

ಡೆಂಗಿ ಕಾಲ ಬಂತೆಂದರೆ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಪ್ಲೇಟ್‌ಲೆಟ್ ಲೆಕ್ಕವೇ. ನಿಮ್ಮ ಮಗನಿಗೆ ಎಷ್ಟು ಬಂತು? ಕೊಡಿ ಇಲ್ಲಿ, ರಿಪೋರ್ಟ್ ನೋಡೋಣ. 1.8 ಲಕ್ಷ. 1.5 ಲಕ್ಷಕ್ಕಿಂತ ಮೇಲೇ ಇದೆಯಲ್ಲ, ಡಾಕ್ಟರು ಹೇಳಿದ ಹಾಗೆ ನೀರು, ಗಂಜಿ ಕುಡಿಸುತ್ತಿರಿ.

ಈ ಕಾಗದ ಕೊಟ್ಟ ಯಂತ್ರದ ಅಣ್ಣತಮ್ಮಂದಿರ ಮುಂದೆಯೇ ನಾನು ದಿನವಿಡೀ ಕೂರುವುದು. ನನ್ನ ಟ್ಯೂಬಿನಲ್ಲಿರುವುದು ಮಾತ್ರ ಇಲಿಯ ರಕ್ತ. ಪುಟ್ಟ ಬಿಳಿ ಇಲಿ, ನಾವು ಮೌಸ್ ಅನ್ನುತ್ತೇವಲ್ಲ, ಅದಕ್ಕೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಪ್ಲೇಟ್‌ಲೆಟ್ ಸುಮಾರು 10 ಲಕ್ಷ. ನಮಗೆ ನಿಮಗೆ ಅಷ್ಟು ಬಂದರೆ ಡಾಕ್ಟರು ಗಾಬರಿಯಾಗುತ್ತಾರೆ. ಇಲಿಗೆ ಅದೇ ಆರೋಗ್ಯ.

ಯಂತ್ರ ಎಣಿಸುವುದು ಹೇಗೆ ಅಂತ ಕೇಳಿದಿರಿ. ಮೊದಲೆಲ್ಲ ಗೆರೆ ಕೊರೆದ ಗಾಜಿನ ಚೇಂಬರಿನಲ್ಲಿ ರಕ್ತ ಹಾಕಿ, ಮೈಕ್ರೊಸ್ಕೋಪಿನಲ್ಲಿ ಕಣ್ಣು ನೆಟ್ಟು ಎಣಿಸುತ್ತಿದ್ದರು. ಅಮೆರಿಕದ ವ್ಯಾಲೇಸ್ ಕೋಲ್ಟರ್ ಎಂಬಾತ 1953ರಲ್ಲಿ ಇದಕ್ಕೊಂದು ಉಪಾಯದ ಪೇಟೆಂಟ್ ಪಡೆದ. ಉಪಾಯ ಎಷ್ಟು ಸರಳ ನೋಡಿ. ಉಪ್ಪುನೀರಿನಲ್ಲಿ ತೆಳುಮಾಡಿದ ರಕ್ತವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಹಾಯಿಸುವುದು, ಆ ತೂತಿನಲ್ಲೇ ಕರೆಂಟೂ ಹರಿಯುವಂತೆ ಮಾಡುವುದು. ಒಂದೊಂದು ಕಣ ಅಡ್ಡ ಬಂದಾಗಲೂ ಕರೆಂಟಿಗೆ ಕೊಂಚ ತಡೆ. ದೊಡ್ಡ ಕಣಕ್ಕೆ ದೊಡ್ಡ ತಡೆ, ಚಿಕ್ಕದಕ್ಕೆ ಚಿಕ್ಕದು. ಇವತ್ತಿಗೂ ಎಷ್ಟೋ ಯಂತ್ರಗಳ ಒಳಗಿರುವುದು ಇದೇ. ಕೆಲವು ಲೇಸರ್ ಬೆಳಕನ್ನು ಬಳಸುತ್ತವೆ.

ಹೀಗೆ ಗಾತ್ರದಿಂದಲೇ ಎಣಿಸುವ ಯಂತ್ರಕ್ಕೆ ಕೆಂಪು ಕಣ ಯಾವುದು, ಪ್ಲೇಟ್‌ಲೆಟ್ ಯಾವುದು ಅಂತ ಗುರುತಿಲ್ಲ. ಇದಕ್ಕಿಂತ ದೊಡ್ಡದಾದರೆ ಕೆಂಪು ಕಣ, ಚಿಕ್ಕದಾದರೆ ಪ್ಲೇಟ್‌ಲೆಟ್ ಅಂತ ನಾವು ಎಳೆದುಕೊಟ್ಟ ಗೆರೆಯೊಂದೇ ಗೊತ್ತು. ಮನುಷ್ಯನ ಕೆಂಪು ಕಣ 80ರಿಂದ 100 ಫೆಮ್ಟೊಲೀಟರ್. ಇಲಿಯದು 50ರ ಹತ್ತಿರ. ಆಡಿನದು ಬರೀ 20ರ ಆಸುಪಾಸು! ಆಸ್ಪತ್ರೆಯ ಯಂತ್ರಕ್ಕೆ ಆಡಿನ ರಕ್ತ ಕೊಟ್ಟರೆ ರಾಗಿ ಜರಡಿಗೆ ಗಸಗಸೆ ಸುರಿದ ಹಾಗೆ. ಕೆಂಪು ಕಣವೆಲ್ಲ ಕೆಳಗಿಳಿದು ಪ್ಲೇಟ್‌ಲೆಟ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಾಗದದಲ್ಲಿ ಮಾತ್ರ ಅಂಕಿ ಅಚ್ಚುಕಟ್ಟಾಗಿ ಬಂದಿರುತ್ತದೆ, ನನಗೆ ಭಯವಾಗುವುದೇ ಅದಕ್ಕೆ. ಅದಕ್ಕೇ ನಮ್ಮಲ್ಲಿ ಟ್ಯೂಬ್ ಇಡುವ ಮೊದಲು ಪ್ರಾಣಿ ಯಾವುದೆಂದು ಆರಿಸಬೇಕು, ಒಂದೊಂದಕ್ಕೂ ಗೆರೆ ಬೇರೆ. ಕೋಳಿ, ಮೀನುಗಳದು ಇನ್ನೊಂದು ಕಥೆ. ಅವುಗಳ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇರುತ್ತದೆ. ಬಿಳಿ ಕಣ ಎಣಿಸಲೆಂದು ಕೆಂಪನ್ನು ಕರಗಿಸಿದರೂ ಆ ನ್ಯೂಕ್ಲಿಯಸ್‌ಗಳು ಉಳಿದು ಬಿಳಿಯ ಲೆಕ್ಕಕ್ಕೆ ಹೋಗುತ್ತವೆ. ಅವಕ್ಕೆ ಈಗಲೂ ಹಳೆಯ ಗಾಜಿನ ಚೇಂಬರೇ ನಂಬಿಕೆ.

ನನ್ನ ಮನಸ್ಸಿಗೆ ನಾಟುವುದು ಬೇರೆ ಲೆಕ್ಕ. 25 ಗ್ರಾಂ ತೂಕದ ಇಲಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ 2 ಮಿಲಿಲೀಟರ್ ತುಂಬುವುದಿಲ್ಲ. ಒಂದು ಸಲಕ್ಕೆ ಅದರಲ್ಲಿ ಶೇ. 10ಕ್ಕಿಂತ ಹೆಚ್ಚು ತೆಗೆಯಬಾರದು ಅನ್ನುವುದು ಸಾಮಾನ್ಯವಾಗಿ ಪಾಲಿಸುವ ಕಟ್ಟಳೆ. ಅಂದರೆ ನಾಲ್ಕೈದು ಹನಿ, ಅಷ್ಟೆ. ಹಳೆಯ ಯಂತ್ರಗಳಲ್ಲಿ ಕೆಲವು ಒಂದೇ ಗುಟುಕಿಗೆ 100 ಮೈಕ್ರೊಲೀಟರ್‌ಗೂ ಮೀರಿ ಹೀರುತ್ತಿದ್ದವು. ಔಷಧಿಯೊಂದನ್ನು ಇಲಿಯಲ್ಲಿ ಪರೀಕ್ಷಿಸುವಾಗ, ಅದನ್ನು ಕೊಟ್ಟ ಮೊದಲ ದಿನ, ವಾರದ ನಂತರ, ತಿಂಗಳ ನಂತರ ಅಂತ ನೋಡಬೇಕಾದರೆ ಎಷ್ಟೋ ಕಡೆ ಒಂದೊಂದು ಸಲಕ್ಕೂ ಬೇರೆ ಇಲಿಗಳ ಗುಂಪೇ ಬೇಕಾಗುತ್ತಿತ್ತು. 10-20 ಮೈಕ್ರೊಲೀಟರಿನಲ್ಲೇ ಕೆಲಸ ಮುಗಿಸುವ ಯಂತ್ರ ಬಂದ ಮೇಲೆ ಅದೇ ಇಲಿಯ ಬಾಲದಿಂದ ಮತ್ತೆ ಮತ್ತೆ ಒಂದೊಂದು ಹನಿ ತೆಗೆದು ನೋಡಬಹುದು. ಕಡಿಮೆ ಪ್ರಾಣಿ ಸಾಕು. ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು 1959ರಲ್ಲೇ ಪುಸ್ತಕ ಬರೆದು ಕೇಳಿಕೊಂಡಿದ್ದು ಇದನ್ನೂ ಸೇರಿಸಿಯೇ: ಬೇರೆ ದಾರಿಯಿದ್ದರೆ ಪ್ರಾಣಿ ಬೇಡ, ಬೇಕೇ ಆದರೆ ಕಡಿಮೆ ಸಾಕು, ನೋವು ಆದಷ್ಟೂ ತಗ್ಗಲಿ. ನಮ್ಮ ದೇಶದಲ್ಲೂ ಸಂಸ್ಥೆಯ ನೈತಿಕ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಎಷ್ಟು ಪ್ರಾಣಿ, ಯಾಕೆ ಅಷ್ಟು ಅಂತ ಬರೆದುಕೊಡಲೇಬೇಕು.

ಹಾಗೆ ಪಡೆದ ಹನಿಯನ್ನು ಟ್ಯೂಬಿನಲ್ಲಿ ಸರಿಯಾಗಿ ಬೆರೆಸದೆ ಕ್ಲಾಟ್ ಮಾಡಿಬಿಟ್ಟರೆ ನನಗೆ ತಡೆಯಲಾಗದ ಸಂಕಟ. ಇಲಿಯ ರಕ್ತ ಬಹಳ ಬೇಗ ಹೆಪ್ಪುಗಟ್ಟುತ್ತದೆ. ಸಣ್ಣ ಗಂಟಾದರೂ ಸಾಕು, ಪ್ಲೇಟ್‌ಲೆಟ್ ಅಂಕಿ ಪಾತಾಳಕ್ಕೆ. ಔಷಧಿಯೇ ವಿಷವೆಂದು ಯಾರಾದರೂ ತೀರ್ಮಾನಿಸಿಬಿಟ್ಟರೆ? ಬಾಲದಿಂದ ತೆಗೆದ ರಕ್ತದ ಬಿಳಿ ಕಣಗಳ ಲೆಕ್ಕ ಹೃದಯದಿಂದ ತೆಗೆದದ್ದಕ್ಕೆ ಹೊಂದುವುದೂ ಇಲ್ಲ. ಹೆದರಿದ ಇಲಿಯದೇ ಬೇರೆ, ಅರಿವಳಿಕೆ ಕೊಟ್ಟ ಇಲಿಯದೇ ಬೇರೆ. ಹೋಲಿಸುವ ಇಲಿಗಳಿಗೆಲ್ಲ ಒಂದೇ ಜಾಗ, ಒಂದೇ ಹೊತ್ತು, ಒಂದೇ ಕೈಯಾದರೆ ಒಳ್ಳೆಯದು.

ಅದಕ್ಕೇ ಹೊಸ ಹುಡುಗ ಹುಡುಗಿಯರಿಗೆ ನಾನು ಮೊದಲು ರಕ್ತ ಸವರಿದ ಸ್ಲೈಡ್ ಓದಲು ಕಲಿಸುತ್ತೇನೆ, ಬಟನ್ ಒತ್ತುವುದು ಆಮೇಲೆ. ಇಲಿಯ ಬಿಳಿ ಕಣಗಳಲ್ಲಿ ಲಿಂಫೊಸೈಟ್‌ಗಳದೇ ರಾಜ್ಯ, ನಮ್ಮಲ್ಲಿ ನ್ಯೂಟ್ರೊಫಿಲ್‌ಗಳದು. ಇಲಿಯ ನ್ಯೂಟ್ರೊಫಿಲ್ಲಿನ ನ್ಯೂಕ್ಲಿಯಸ್ಸೂ ಎಷ್ಟೋ ಸಲ ಉಂಗುರದಾಕಾರ. ಒಮ್ಮೆ ಕಣ್ಣಾರೆ ಕಂಡವರು ಮರೆಯುವುದಿಲ್ಲ. ಯಂತ್ರ ಫ್ಲ್ಯಾಗ್ ಅನ್ನುವ ಎಚ್ಚರಿಕೆಯ ಗುರುತು ಕೊಟ್ಟರೆ ಸ್ಲೈಡ್ ನೋಡಿ, ಅಂಕಿ ತೀರಾ ವಿಚಿತ್ರವಾಗಿದ್ದರೆ ಫ್ಲ್ಯಾಗ್ ಇಲ್ಲದಿದ್ದರೂ ನೋಡಿ ಅನ್ನುತ್ತೇನೆ. ಅನುಮಾನ ಉಳಿದರೆ ಟ್ಯೂಬಿನಲ್ಲಿ ಮಿಕ್ಕ ರಕ್ತವನ್ನೇ ಇನ್ನೊಮ್ಮೆ ರನ್ ಮಾಡಬೇಕು. ಅದರಲ್ಲೂ ಬಗೆಹರಿಯದಿದ್ದರೆ, ಆ ಇಲಿಯಿಂದ ಈ ವಾರ ಆಗಲೇ ಎಷ್ಟು ತೆಗೆದಿದ್ದೇವೆ ಅಂತ ರಿಜಿಸ್ಟರ್ ತೆರೆದು ನೋಡಿಯೇ ಬಾಲಕ್ಕೆ ಮತ್ತೆ ಸೂಜಿ.