ಎಪಿಸೋಡ್ ಭಾವ

ಗುಂಡ್ಯದಲ್ಲಿ ಬಸ್ಸಿಳಿದವರಿಗೆ ಎರಡು ದಾರಿ. ಹೆದ್ದಾರಿ ಹಿಡಿದರೆ ಮಂಗಳೂರು, ಎಡಕ್ಕೆ ತಿರುಗಿದರೆ ಸುಬ್ರಹ್ಮಣ್ಯ. ಎರಡಕ್ಕೂ ಬಸ್ಸು ಸಿಗದೆ ನಿಂತವರಿಗೆ ಮೂರನೆಯದೂ ಒಂದುಂಟು: ಜೇನಸ್ ಎಂಬ ಗ್ರಹ. ಅಲ್ಲಿಗೆ ಕರೆದೊಯ್ಯುವವರು ಎಪಿಸೋಡ್ ಭಾವ. ಟಿಕೆಟ್ ಇಲ್ಲ, ನಡುವೆ ಸ್ಟಾಪೂ ಇಲ್ಲ.

ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ, ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಆರಿದ ಚಾ. ಇಂಥವರು ನಮ್ಮ ಕಡೆ ಪ್ರತಿ ಪೇಟೆಗೆ ಒಬ್ಬರಾದರೂ ಇರುತ್ತಾರೆ. ಒಬ್ಬರಿಗೆ ಎಂದೋ ನೋಡಿದ ಒಂದು ರಾತ್ರಿಯ ಬಯಲಾಟ, ಇನ್ನೊಬ್ಬರಿಗೆ 1983ರ ವಿಶ್ವಕಪ್ ಫೈನಲ್. ಒಂದನ್ನು ನೋಡಿ, ಉಳಿದ ಆಯುಷ್ಯವೆಲ್ಲ ಅದನ್ನೇ ವಿಮರ್ಶಿಸುವ ಜಾತಿ. ನಮ್ಮ ಭಾವನದ್ದು ಸ್ಟಾರ್ ಟ್ರೆಕ್. ಅದರಲ್ಲೂ ‘ದಿ ಡೆವಿಲ್ ಇನ್ ದ ಡಾರ್ಕ್’ ಎಂಬ ಒಂದೇ ಎಪಿಸೋಡು, ಅಮೆರಿಕದಲ್ಲಿ 1967ರ ಮಾರ್ಚ್ 9ರಂದು ಮೊದಲು ಪ್ರಸಾರವಾದದ್ದು. ತಮ್ಮ ಮದುವೆಯ ವರ್ಷವನ್ನು ಅಕ್ಕನನ್ನು ಕೇಳಿ ಹೇಳುವ ಭಾವನಿಗೆ ಈ ತಾರೀಕು ಬಾಯಿಪಾಠ.

ವಿಮರ್ಶೆಯೆಲ್ಲ ತಾಳಮದ್ದಳೆಯ ಕ್ರಮದಲ್ಲಿ. ಮೊದಲು ಪೀಠಿಕೆ: ಜೇನಸ್ಸಿನ ನೆಲದಡಿ ಪರ್ಜಿಯಂ ಎಂಬ ಅದಿರಿನ ಗಣಿ. ಹೊಸ ಸುರಂಗ ತೆರೆದದ್ದೇ ತಡ, ಕತ್ತಲಿನಲ್ಲಿ ಏನೋ ಬಂದು ಆಳುಗಳನ್ನು ಸುಟ್ಟು ಕರಕಲು ಮಾಡುತ್ತದೆ. ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ ತನಿಖೆಗೆ ಬರುತ್ತಾರೆ. ನೋಡಿದರೆ ಹೋರ್ಟಾ ಎಂಬ ಪ್ರಾಣಿ. ಮೈಯೆಲ್ಲ ಸಿಲಿಕಾನ್, ಆಸಿಡ್ ಬಿಟ್ಟು ಬಂಡೆಯೊಳಗೇ ದಾರಿ ಮಾಡಿಕೊಂಡು ಓಡಾಡುವಂಥದ್ದು.

ಇಲ್ಲಿಗೆ ಬಂದಾಗ ಭಾವ ಲೋಟ ಕೆಳಗಿಡುತ್ತಾರೆ. “ಈಗ ಹೇಳಿ ನೋಡುವ, ಅದು ಕೊಲ್ಲುವುದು ಯಾಕೆ?”

ಯಾರೂ ಹೇಳಬಾರದು. ಒಮ್ಮೆ ಲಾರಿಯ ಕ್ಲೀನರ್ ಹುಡುಗನೊಬ್ಬ “ಮರಿ ಉಂಟೋ ಏನೋ” ಎಂದುಬಿಟ್ಟ. ಭಾವ ಆ ದಿನ ಮತ್ತೆ ಬಾಯಿ ಬಿಡಲಿಲ್ಲ. ಹೋಟೆಲಿನವರು ಆ ಹುಡುಗನ ಚಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಗಣಿಯವರು ಕೆಲಸಕ್ಕೆ ಬಾರದ್ದೆಂದು ಒಡೆದು ಬಿಸಾಡಿದ ಉರುಟು ಕಲ್ಲುಗಳಿದ್ದವಲ್ಲ, ಅವೇ ಅದರ ಮೊಟ್ಟೆಗಳು. “ತಾಯಿ ಮಾರಾಯ್ರೆ, ತಾಯಿ! ಅದರ ಮನೆಗೆ ನುಗ್ಗಿದ್ದು ನಾವು, ರಾಕ್ಷಸ ಅಂತ ಹೆಸರು ಅದಕ್ಕೆ. ನಮ್ಮ ಆನೆಯ ಕಥೆಯೂ ಇದೇ ಅಲ್ವಾ?” ಭಾವನ ಕಣ್ಣಲ್ಲಿ ನಿಜವಾಗಿಯೂ ನೀರು. ಪಕ್ಕದ ಚೀಲದಲ್ಲಿ ಮಾತ್ರ ಆನೆ ಓಡಿಸಲು ತಂದ ಗರ್ನಾಲು, ಮುರಿದ ಬಾಳೆಗಿಡಗಳ ಪರಿಹಾರಕ್ಕೆ ಬರೆದ ಅರ್ಜಿ. ಗುಂಡ್ಯ ಜಲವಿದ್ಯುತ್ ಯೋಜನೆ ಬೇಡವೆಂದ ಗಾಡ್ಗೀಳ್ ಸಮಿತಿಯ ವರದಿಯ ಬಗ್ಗೆ ಕೇಳಿದರೂ ಹೀಗೆಯೇ: ಆ ವರದಿ ತಮ್ಮ ತೋಟದ ಬೇಲಿ ದಾಟಿ ಬರಬಾರದು, ಆದರೆ ಜೇನಸ್ಸಿನಲ್ಲಿ ಕಡ್ಡಾಯವಾಗಿ ಜಾರಿಯಾಗಬೇಕು.

“ಆ ಗ್ರಹದಲ್ಲಿ ಅರಣ್ಯ ಇಲಾಖೆ ಇಲ್ವಾ ಭಾವ?”

“ಇದ್ದಿದ್ದರೆ ಮೊಟ್ಟೆಯ ಮಹಜರು ಆಗುವಾಗಲೇ ಎಪಿಸೋಡ್ ಮುಗಿಯುತ್ತಿತ್ತು.”

ಊರಿನವರಿಗೆ ಹೆಚ್ಚು ಹಿಡಿಸಿದ್ದು ತಾಯಿಯ ಕಥೆಯಲ್ಲ, ಡಾಕ್ಟರ್ ಮೆಕಾಯ್. ತಾನು ವೈದ್ಯ, ಗಾರೆ ಕೆಲಸದವನಲ್ಲ ಎಂದು ಗೊಣಗುತ್ತಲೇ ಅವನು ಹೋರ್ಟಾದ ಗಾಯಕ್ಕೆ ಕಾಂಕ್ರೀಟ್ ಮೆತ್ತಿ ಗುಣಪಡಿಸುತ್ತಾನೆ. ಶಿರಾಡಿ ಘಾಟಿಯನ್ನು 2015ರಲ್ಲೊಮ್ಮೆ, 2018ರಲ್ಲಿನ್ನೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದ್ದನ್ನು ಕಂಡ ಜನ ಸುಮ್ಮನಿರುತ್ತಾರೆಯೇ?

“ಡಾಕ್ಟರ್ ಎಷ್ಟು ದಿನ ತೆಗೊಂಡ?”

“ಎಂತ ದಿನ ಮಾರಾಯ, ಇಡೀ ಎಪಿಸೋಡ್ ಒಂದು ಗಂಟೆ ಇಲ್ಲ.”

“ಹಾಗಾದರೆ ಘಾಟಿಯ ಟೆಂಡರ್ ಅವನಿಗೇ ಕೊಡಬೇಕಿತ್ತು.”

ಘಾಟಿ ಮುಚ್ಚಿದ ಆ ತಿಂಗಳುಗಳಲ್ಲಿ ಬೆಂಗಳೂರಿನ ಬಸ್ಸಿಲ್ಲ, ಲಾರಿಯಿಲ್ಲ. ಭಾವನಿಗೆ ಕೇಳುಗರಿಲ್ಲದೆ ಬರಗಾಲ. ಆದರೆ 2018ರ ಜುಲೈಯಲ್ಲಿ ತೆರೆದ ರಸ್ತೆ ಆಗಸ್ಟಿನ ಮಳೆಗೆ ಗುಡ್ಡ ಜಾರಿ ಮತ್ತೆ ಬಂದಾಯಿತು, ರೈಲು ಹಳಿಯೂ ಹೋಯಿತು. ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಹೋಗಲಾಗದೆ ನಿಂತ ಡ್ರೈವರುಗಳಿಗೆ ಊರವರು ಗಂಜಿ ಕೊಟ್ಟರು, ಭಾವ ಎಪಿಸೋಡ್ ಕೊಟ್ಟರು. ತಮಿಳುನಾಡಿನ ಡ್ರೈವರೊಬ್ಬ ಭಾಷೆ ತಿಳಿಯದೆಯೂ ಕೊನೆಯವರೆಗೆ ಕೂತಿದ್ದನಂತೆ. ಎದ್ದು ಹೋಗಲು ಅವನಿಗಾದರೂ ಜಾಗ ಎಲ್ಲಿತ್ತು!

ಈ ವಿಮರ್ಶೆಯ ಹಿಂದೆ ಒಂದು ಗುಟ್ಟುಂಟು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಬರುತ್ತಿದ್ದಾಗ ಭಾವನ ಮನೆಯ ಆಂಟೆನಾ ಇದ್ದದ್ದು ಹಿಂದಿನ ಗುಡ್ಡೆಯ ಮೇಲೆ. ಸ್ಪಾಕ್ ಹೋರ್ಟಾದ ಮೈಮೇಲೆ ಕೈಯಿಟ್ಟು ಅದರ ಮನಸ್ಸನ್ನು ಓದುವ ಹೊತ್ತಿಗೆ ಸರಿಯಾಗಿ ಪರದೆ ತುಂಬ ಚುಕ್ಕಿ. ತಮ್ಮ ಗುಡ್ಡೆ ಹತ್ತಿ “ಬಂತಾ?”, ಇವರು ಕೆಳಗಿಂದ “ಇಲ್ಲ!”, “ಈಗ?”, “ಸ್ವಲ್ಪ ಬಲಕ್ಕೆ!” ಎನ್ನುವಷ್ಟರಲ್ಲಿ ಎಪಿಸೋಡ್ ಮುಗಿದಿತ್ತು. ಉಳಿದದ್ದನ್ನು ಭಾವ ಸ್ವಂತ ಕಟ್ಟಿದರು: ಹೋರ್ಟಾ ಒಂದು ಗಂಟೆ ಅರ್ಥ ಹೇಳಿ ಗಣಿಯವರನ್ನು ಮಾತಿನಲ್ಲೇ ಸೋಲಿಸಿ, ಕೊನೆಗೆ ಕ್ಷಮಿಸಿ ಹೊರಟುಹೋಗುತ್ತದೆ. ಮೂವತ್ತು ವರ್ಷ ಗುಂಡ್ಯ ಕೇಳಿದ್ದು ಇದನ್ನೇ.

ಮೊಮ್ಮಗಳು ಮೊಬೈಲಿನಲ್ಲಿ ಪೂರ್ತಿ ತೋರಿಸಿದ್ದು ಮೊನ್ನೆ ಮೊನ್ನೆ. ಮೂಲದಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಗಳು ಸುರಂಗ ಕೊರೆಯುತ್ತವೆ, ಗಣಿಯವರು ಅದಿರು ಹೆಕ್ಕುತ್ತಾರೆ, ರಾಜಿ. ಭಾವ ಕನ್ನಡಕ ತೆಗೆದು ಒರೆಸಿ ತೀರ್ಪು ಕೊಟ್ಟರು: “ಪದ್ಯ ಒಳ್ಳೆಯದುಂಟು, ಅರ್ಥಗಾರಿಕೆ ಸಾಲದು.” ಮರುದಿನ ಆ ರಾಜಿಯನ್ನೂ ವಿಮರ್ಶೆಗೆ ಸೇರಿಸಿಕೊಂಡರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಬರುವ ರೈಲಿಗೆ 57 ಸುರಂಗ. ನಾಲ್ಕು ಹೋರ್ಟಾ ಮರಿ ಇದ್ದಿದ್ದರೆ ಇಷ್ಟು ವರ್ಷ ಗುಡ್ಡ ಕೊರೆಯಬೇಕಿತ್ತಾ ಎಂಬುದು ಈಗಿನ ಹೊಸ ಪ್ರಶ್ನೆ. ಪರಿಣಾಮ, ಎಪಿಸೋಡ್ ಇಪ್ಪತ್ತು ನಿಮಿಷ ಉದ್ದವಾಗಿದೆ.

ಆದ್ದರಿಂದ ಗುಂಡ್ಯದಲ್ಲಿ ಬಸ್ಸು ಕಾಯುವಾಗ ಕಾಲರಿಗೆ ಕೊಡೆ ಸಿಕ್ಕಿಸಿದವರೊಬ್ಬರು “ಸ್ಟಾರ್ ಟ್ರೆಕ್ ನೋಡಿದ್ದೀರಾ?” ಎಂದರೆ, ನೋಡಿಲ್ಲ ಎನ್ನಿ. ನೋಡಿದ್ದೇನೆ ಎಂದವರಿಗೆ ಭಾವ ಎರಡು ಕ್ಲೈಮಾಕ್ಸನ್ನೂ ಹೇಳುತ್ತಾರೆ. ಅಷ್ಟರಲ್ಲಿ ಸುಬ್ರಹ್ಮಣ್ಯದ ಬಸ್ಸು ಹೋಗಿರುತ್ತದೆ.